ಲಕ್ಕವ್ವ ಹೊಲಿದ ಸುಳ್ಳು

ಇಳಕಲ್ಲಿನಲ್ಲಿ ಲಕ್ಕವ್ವನ ಹತ್ತಿರ ಜಂಪರ್, ಅಂದರೆ ರವಿಕೆ, ಹೊಲಿಯಲು ಕೊಟ್ಟವರಿಗೆ ತಾಳ್ಮೆ ತಾನಾಗಿಯೇ ಬರುತ್ತದೆ. ಅವಳು ಸೋಮವಾರ ಕೊಡುತ್ತೇನೆ ಅಂದರೆ ಯಾವ ಸೋಮವಾರ ಎಂದು ಕೇಳಿಕೊಳ್ಳಬೇಕು. ನನ್ನ ತಮ್ಮನ ಮದುವೆಗೆಂದು ಕೊಟ್ಟ ಜಂಪರ್ ಅವನ ಮಗನ ತೊಟ್ಟಿಲಿಗೆ ಬಂತು ಎಂದು ನಾನು ಎಲ್ಲರ ಮುಂದೆ ಆಡಿಕೊಳ್ಳುತ್ತೇನೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೂ ಇಪ್ಪತ್ತು ವರ್ಷಗಳಿಂದ ನಾನು ಬೇರೆ ಟೇಲರ್ ಬಾಗಿಲು ತುಳಿದಿಲ್ಲ. ಅವಳು ಹೊಲಿದ ಜಂಪರ್ ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿ, ಹುನಗುಂದದ ಪ್ರೌಢಶಾಲೆಯಲ್ಲಿ ಆರು ಪೀರಿಯಡ್ ವಿಜ್ಞಾನ ಒದರಿ, ಸಂಜೆ ಮನೆಗೆ ಬರುವವರೆಗೆ ಜಂಪರ್ ಹಾಕಿಕೊಂಡಿದ್ದೇನೆ ಅನ್ನುವುದೇ ನೆನಪಿರುವುದಿಲ್ಲ. ನನ್ನಂಥ ದಪ್ಪ ಹೆಂಗಸಿಗೆ ಅದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ.

ಅವಳ ಅಂಗಡಿ ಅಂದರೆ ಅವಳ ಮನೆಯ ಮುಂದಿನ ಖೋಲಿ. ಒಳಗಿನ ಖೋಲಿಯಲ್ಲಿ ಅವಳ ಗಂಡ ಕಳಕಪ್ಪನ ಕುಣಿಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು. ಊರೆಲ್ಲ ಪವರ್‌ಲೂಮ್ ಆದರೂ ಅವನು ಇನ್ನೂ ಕೈಮಗ್ಗದಲ್ಲೇ ಮೈತುಂಬ ಚೌಕವಿರುವ ಚೌಕಳಿ ಸೀರೆ ನೇಯುತ್ತಾನೆ. ಮಾತು ಕಡಿಮೆ, ಚಹಾ ಜಾಸ್ತಿ. ಗಿರಾಕಿ ಬಂದರೆ ಮಗ್ಗದಿಂದ ಎದ್ದು ಬಂದು ಚಹಾ ಇಟ್ಟುಕೊಟ್ಟು ಮತ್ತೆ ಕುಣಿಯಲ್ಲಿ ಇಳಿಯುತ್ತಾನೆ.

ಲಕ್ಕವ್ವನೂ ನೇಕಾರರ ಮನೆಯವಳೇ. ನಡೆಯಲು ಕಲಿಯುವ ಮೊದಲೇ ನೂಲು ಸುತ್ತಲು ಕಲಿತೆ ಅನ್ನುತ್ತಾಳೆ. ಸಣ್ಣವಳಿದ್ದಾಗ ಎಲುಬು ಎಣಿಸುವ ಹಾಗೆ ಇದ್ದಳಂತೆ. ಓಣಿಯಲ್ಲಿ ಅವಳ ಹೆಸರೇ ಕಡ್ಡಿ ಲಕ್ಕಿ. ಆಗಿನ ಸಿನಿಮಾ ಪೋಸ್ಟರಿನಲ್ಲಿದ್ದ ನಾಯಕಿಯರೆಲ್ಲ ಮೈಕೈ ತುಂಬಿಕೊಂಡವರು. ಹಾಗಾಗಿ ಹೆಣ್ಣು ನೋಡಲು ಬಂದವರು ಎರಡು ಸಲ ಚುರುಮುರಿ ತಿಂದು, ಎದ್ದು ಹೋಗಿ, ಸುದ್ದಿಯೇ ಕಳಿಸಲಿಲ್ಲ. ಮೂರನೆಯ ಸಲ ಕಳಕಪ್ಪನ ಕಡೆಯವರು ಬರುತ್ತಾರೆ ಅಂದಾಗ ಅವಳ ಅವ್ವ ಪಣ ತೊಟ್ಟಳು. ತಿಂಗಳು ಮೊದಲಿನಿಂದ ಶೇಂಗಾ, ಬೆಲ್ಲ, ಬಾಳೆಹಣ್ಣು, ದಿನಕ್ಕೊಂದು ಬಟ್ಟಲು ತುಪ್ಪ. ಲಕ್ಕವ್ವನಿಗೆ ಭೇದಿ ಹತ್ತಿ ಇದ್ದ ಮೈಯೂ ಕರಗಿತು. ಕೊನೆಗೆ ಅವ್ವ ಮಾಡಿದ್ದೇನೆಂದರೆ, ಮೇ ತಿಂಗಳ ಬಿಸಿಲಲ್ಲಿ ಮಗಳಿಗೆ ಒಂದರ ಮೇಲೊಂದು ಮೂರು ಜಂಪರ್ ತೊಡಿಸಿ, ತೋಳಿಗೆ ಹತ್ತಿ ತುರುಕಿ ಕೂರಿಸಿದಳು. ಮದುವೆಯಾದ ಮೇಲೆ ಕಳಕಪ್ಪ ಕೇಳಿದ ಮೊದಲ ಪ್ರಶ್ನೆ, "ಅವತ್ತ ಕುಂತಿದ್ದಾಕಿ ನಿಮ್ಮ ಅಕ್ಕೇನ?" ಎಂದು. ಇದನ್ನು ಹೇಳುವಾಗ ಲಕ್ಕವ್ವ ಬಿದ್ದು ಬಿದ್ದು ನಗುತ್ತಾಳೆ. ಆದರೆ ಆ ಮೂರು ಜಂಪರಿನ ಒಳಗೆ ತಾನು ಅಳುತ್ತಿದ್ದೆ ಎಂದೂ ಒಮ್ಮೆ ಹೇಳಿದ್ದಳು.

ಹೆಂಗಸರ ಮೈ ಓದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಸೊಸೆ ಬಸುರಿ ಅನ್ನುವುದು ಅತ್ತೆಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಯಾರಿಗೆ ಗಂಡನ ಪೆಟ್ಟು ಬಿದ್ದಿದೆ, ಯಾರಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ, ಎಲ್ಲಾ ಗೊತ್ತು. ಬಾಯಿ ಮಾತ್ರ ಬಿಡುವುದಿಲ್ಲ. "ಮೈ ಅಳೆಯಾಕಿ ಮೊದಲ ತನ್ನ ಬಾಯಿ ಹೊಲ್ಕೋಬೇಕು" ಅನ್ನುವುದು ಅವಳ ಮಾತು. ಊರಿನ ಹೆಂಗಸರು ಅವಳನ್ನು ನಂಬುವುದು ಅದಕ್ಕೇ. ಆ ಒಳ್ಳೆಯ ಗುಣದಿಂದಲೇ ನಮ್ಮ ಮನೆಗೆ ಕುತ್ತು ಬಂತು.

ನನ್ನ ಮಗಳು ಐಶ್ವರ್ಯ ಹೋದ ವರ್ಷ ಬಿ.ಕಾಂ. ಮೊದಲ ವರ್ಷಕ್ಕೆ ಸೇರಿದಳು. ಒಬ್ಬಳೇ ಮಗಳು. ನನ್ನ ಗಂಡ ಶಂಕರಲಿಂಗ ಅವರಿಗೆ ಕಮತಗಿಯಲ್ಲಿ ಗೊಬ್ಬರ, ಬೀಜದ ಅಂಗಡಿ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಹೀಗಾಗಿ ಮಗಳನ್ನು ಬೆಳೆಸಿದ್ದು ನಾನು ಮತ್ತು ಫೋನು. ನಾನು ನನ್ನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ದುಂಡು ದುಂಡಗೆ ಇದ್ದಳು, ನನ್ನ ಹಾಗೆ. ನಾನು ಮುದ್ದಿನಿಂದ ಗುಂಡಮ್ಮ ಅನ್ನುತ್ತಿದ್ದೆ. ಮುದ್ದು ನನ್ನ ಬಾಯಲ್ಲಿತ್ತು, ಅವಳ ಕಿವಿಗೆ ಅದು ಮುಟ್ಟಿರಲಿಲ್ಲ.

ಫೋನಿನಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ ಸೀರೆ ಉಡುವ ರೀಲ್ಸ್ ಹಾಕುತ್ತಿದ್ದಳು. ಲಕ್ಷಗಟ್ಟಲೆ ಜನ ನೋಡುತ್ತಿದ್ದರು. ಒಂದು ದಿನ ಅವಳು ನಮ್ಮ ಇಳಕಲ್ ಚೌಕಳಿ ಸೀರೆ ಉಟ್ಟು, ಖಣದ ಜಂಪರ್ ತೊಟ್ಟು ಹಾಕಿದ ವಿಡಿಯೊ ಕಾಲೇಜಿನಲ್ಲೆಲ್ಲ ಹರಿದಾಡಿತು. ಸೊಂಟ ಒಂದು ಹಿಡಿಯಷ್ಟು. ಕಾಲೇಜಿನಲ್ಲಿ ಜನವರಿಗೆ ಎಥ್ನಿಕ್ ಡೇ ಇತ್ತು. ಆ ದಿನ ಹುಡುಗಿಯರೆಲ್ಲ ಇದೇ ಸೀರೆ ಉಟ್ಟು ಇದೇ ತರಹ ರೀಲ್ಸ್ ಮಾಡುವುದೆಂದು ಠರಾವಾಯಿತು. ಐಶ್ವರ್ಯ ಆ ವಿಡಿಯೊವನ್ನು ದಿನಕ್ಕೆ ಎಷ್ಟು ಸಲ ನೋಡುತ್ತಿದ್ದಳೋ. ಅದರ ಹಾಡು ಕೇಳಿ ಕೇಳಿ ನಾನೇ ಪಾತ್ರೆ ತಿಕ್ಕುವಾಗ ಗುನುಗುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಅವಳು ಒಬ್ಬಳೇ ಹೋಗಿ ಲಕ್ಕವ್ವನಿಗೆ ಜಂಪರಿನ ಬಟ್ಟೆ ಖಣ ಕೊಟ್ಟು ಬಂದಳು. ನಮ್ಮ ಕಡೆ ಪ್ರತಿ ಸಲ ಮೈ ಅಳತೆ ಕೊಡುವ ಪದ್ಧತಿ ಇಲ್ಲ. ಮೈಗೆ ಸರಿಯಾಗಿ ಕೂರುವ ಹಳೆಯ ಜಂಪರ್ ಒಂದನ್ನು ಖಣದ ಜೊತೆ ಕೊಟ್ಟರೆ ಟೇಲರ್ ಅದನ್ನೇ ನೋಡಿ ಹೊಲಿಯುತ್ತಾರೆ. ಅದಕ್ಕೆ ಅಳತಿ ಜಂಪರ್ ಅನ್ನುತ್ತಾರೆ. ಐಶ್ವರ್ಯ ಅಳತಿಗೆಂದು ಕೊಟ್ಟದ್ದು ತಾನು ಹತ್ತನೆಯ ತರಗತಿಯಲ್ಲಿ ಸೆಂಡಾಫ್‌ಗೆ ತೊಟ್ಟಿದ್ದ ಜಂಪರ್. ಜನವರಿಯೊಳಗೆ ಅದರಲ್ಲಿ ಹಿಡಿಯುವಷ್ಟು ಸಣ್ಣಗಾಗಬೇಕು ಅನ್ನುವುದು ಅವಳ ಹಟ.

ಲಕ್ಕವ್ವನಿಗೆ ಇದು ತಿಳಿಯದೆ ಇರುತ್ತದೆಯೇ? ಆ ಹಳೆಯ ಜಂಪರ್ ಹೊಲಿದವಳೂ ಅವಳೇ. ಹುಡುಗಿಯ ತೋಳನ್ನು ಒಮ್ಮೆ, ಜಂಪರಿನ ತೋಳನ್ನು ಒಮ್ಮೆ ನೋಡಿದಳು. ಮೂರು ಜಂಪರಿನ ಒಳಗೆ ಅತ್ತ ತನ್ನ ಹಳೆಯ ದುಃಖ ನೆನಪಾಯಿತೋ ಏನೋ. ಬೈದರೆ ಹುಡುಗಿ ನೊಂದುಕೊಳ್ಳುತ್ತಾಳೆ, ನನಗೆ ಹೇಳಿದರೆ ಬಾಯಿ ಹೊಲಿದುಕೊಂಡ ವ್ರತ ಮುರಿಯುತ್ತದೆ. ಹಾಗಾಗಿ ಅವಳು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಅಳತಿ ಜಂಪರನ್ನು ಮೂಲೆಗಿಟ್ಟು, ಕಣ್ಣಳತೆಯಲ್ಲೇ ಐಶ್ವರ್ಯಳ ನಿಜವಾದ ಮೈಗೆ ಹೊಲಿದಳು. "ನೀ ಕೊಟ್ಟ ಅಳತಿಗೇ ಹೊಲದೇನಿ ನೋಡವ್ವಾ" ಅಂದಳು. ಹುಡುಗಿ ತೊಟ್ಟು ನೋಡಿದಳು, ಸರಿಯಾಗಿ ಕೂತಿತು. ಹತ್ತನೆಯ ತರಗತಿಯ ಮೈ ತನಗೆ ಮರಳಿ ಬಂತು ಎಂದು ಕುಣಿದಾಡಿಬಿಟ್ಟಳು. ಇನ್ನು ಹುಡುಗಿಗೆ ಸಮಾಧಾನ ಆಯಿತು, ಹೊಟ್ಟೆ ತುಂಬ ಉಣ್ಣುತ್ತಾಳೆ ಎಂದು ಲಕ್ಕವ್ವ ನಂಬಿದಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಹದಿನೈದು ದಿನಕ್ಕೆ ಐಶ್ವರ್ಯ ಮತ್ತೆ ಬಂದಳು. "ಕಾಕು, ಇನ್ನೊಂದೀಟ ಹಿಡೀರಿ" ಎಂದು ಜಂಪರನ್ನು ಬಿಗಿ ಮಾಡಲು ಕೊಟ್ಟಳು. ಲಕ್ಕವ್ವ ಹಿಡಿಯುತ್ತೇನೆ ಎಂದು ಹೇಳಿ, ಒಳಗಿನ ಹೊಲಿಗೆ ಬಿಚ್ಚಿ ಇನ್ನಷ್ಟು ಸಡಿಲ ಮಾಡಿ ಕೊಟ್ಟಳು. ಹಿಡಿದ ಜಂಪರೂ ಸಡಿಲ ಆಗುತ್ತಿದೆ ಅಂದರೆ ಹುಡುಗಿ ಏನು ತಿಳಿಯಬೇಕು? ತನ್ನ ಉಪವಾಸ ಫಲ ಕೊಡುತ್ತಿದೆ ಎಂದು ತಿಳಿದಳು. ಉಣ್ಣುವುದನ್ನು ಮತ್ತಷ್ಟು ಬಿಟ್ಟಳು. ನವೆಂಬರಿನಲ್ಲಿ ಮತ್ತೆ ಹಿಡಿಯಲು ಕೊಟ್ಟಳು, ಡಿಸೆಂಬರಿನಲ್ಲಿ ಮತ್ತೆ. ಮೂರು ಸಲವೂ ಲಕ್ಕವ್ವ ಬಿಚ್ಚಿದಳು. ಮೂರನೆಯ ಸಲಕ್ಕೆ ಬಿಚ್ಚುವ ಅಗತ್ಯವೇ ಇರಲಿಲ್ಲ, ಹುಡುಗಿ ನಿಜವಾಗಿಯೂ ಅಷ್ಟು ಇಳಿದಿದ್ದಳು. ಅದು ಮಾತ್ರ ಲಕ್ಕವ್ವನ ಕಣ್ಣಿಗೆ ಬೀಳಲಿಲ್ಲ. ಆಗೆಲ್ಲ ಐಶ್ವರ್ಯ ದೊಡ್ಡ ಸ್ವೆಟರ್ ತೊಟ್ಟು, ಬಾಗಿಲಲ್ಲೇ ನಿಂತು ಜಂಪರ್ ಕೊಟ್ಟು ಹೋಗುತ್ತಿದ್ದಳಂತೆ.

ನನ್ನ ಕಣ್ಣಿಗಾದರೂ ಬಿತ್ತೇ? ಬಿತ್ತು, ಆದರೆ ನಾನು ಖುಷಿಪಟ್ಟೆ. ಓಣಿಯ ಹೆಂಗಸರು "ಅಕ್ಕೋರ, ನಿಮ್ಮ ಮಗಳು ಏನ ಸ್ಲಿಮ್ ಆಗ್ಯಾಳ್ರೀ, ಹೀರೋಯಿನ್ ಕಂಡಂಗ ಕಾಣ್ತಾಳ" ಅಂದಾಗ ಅವರನ್ನು ಕೂರಿಸಿ ಚಹಾ ಕೊಟ್ಟೆ. ರಾತ್ರಿ ಉಣ್ಣದಿದ್ದರೆ ಕ್ಯಾಂಟೀನಿನಲ್ಲಿ ತಿಂದಿರಬೇಕು ಅಂದುಕೊಂಡೆ. ಎಂಟನೆಯ ತರಗತಿಯ ಮಕ್ಕಳಿಗೆ ಸಮತೋಲನ ಆಹಾರದ ಪಾಠವನ್ನು ಹದಿನೆಂಟು ವರ್ಷದಿಂದ ಮಾಡುತ್ತಿರುವವಳು ನಾನು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ದೀಪ ನಾನೇ.

ಡಿಸೆಂಬರಿನ ಕೊನೆಯ ಭಾನುವಾರ ಊರಿಂದ ಬಂದ ನಾದಿನಿಯ ಮನೆಯವರನ್ನು ಕರೆದುಕೊಂಡು ಮಹಾಕೂಟಕ್ಕೆ ಹೋಗಿ, ಅಲ್ಲಿಂದ ಬಾದಾಮಿಗೆ ಬಂದೆವು. ಗುಹೆಯ ಮೆಟ್ಟಿಲು ಹತ್ತುವಾಗ ಐಶ್ವರ್ಯ ಮುಂದಿದ್ದಳು. ಎರಡನೆಯ ಗುಹೆಯ ಹತ್ತಿರ ಗೋಡೆಗೆ ಕೈ ಹಚ್ಚಿದಳು, ನಿಂತಳು, ಹಾಗೇ ಕುಸಿದಳು. ಮೊಣಕೈ ತರಚಿತು. ಕಣ್ಣು ಮೇಲಕ್ಕೆ ಹೋಗಿದ್ದವು. ನಾನು ಕೂಗಿದ್ದು ಇಡೀ ಬೆಟ್ಟಕ್ಕೆ ಕೇಳಿರಬೇಕು. ನನ್ನ ಗಂಡ ಅವಳನ್ನು ಎತ್ತಿಕೊಂಡು ಮೆಟ್ಟಿಲು ಇಳಿದರು. ದಿನಾ ಐವತ್ತು ಕೆಜಿ ಗೊಬ್ಬರದ ಚೀಲ ಎತ್ತುವ ಮನುಷ್ಯ. ಕೆಳಗೆ ಬಂದು ನಿಂತು ನನ್ನ ಕಡೆ ನೋಡಿದರು. "ಪದ್ಮಾ, ಇಕಿ ಮೈಯಾಗ ಭಾರನ ಇಲ್ಲಲ್ಲ" ಅಂದರು.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರ್ ಫರಹಾನಾ ಎಂಬವರು ನೋಡಿದರು. ರಕ್ತ ಬಹಳ ಕಡಿಮೆ ಇದೆ, ಮೂರು ತಿಂಗಳಿಂದ ಮುಟ್ಟು ನಿಂತಿದೆ ಅಂದರು. ಮುಟ್ಟು ನಿಂತದ್ದು ನನಗೆ ಗೊತ್ತೇ ಇರಲಿಲ್ಲ. "ಮನಿಯಾಗ ಏನೇನ ಉಣ್ತಾಳ್ರಿ?" ಎಂದು ನನ್ನನ್ನು ಕೇಳಿದರು. ಕ್ಯಾಂಟೀನಿನಲ್ಲಿ ತಿನ್ನುತ್ತಾಳೆ ಅಂದುಕೊಂಡಿದ್ದೆ ಅಂದೆ. ಡಾಕ್ಟರು ಬೈಯಲಿಲ್ಲ. "ಇದು ಹಟ ಅಲ್ರಿ, ಜಡ್ಡು. ಬರೇ ಟಾನಿಕ್ಕಿಗೆ ಹೋಗೂದಿಲ್ಲ, ಮಾತಾಡಿ ತೆಗೀಬೇಕು" ಎಂದು ಆಪ್ತಸಮಾಲೋಚಕಿಯ ಹತ್ತಿರವೂ ಕಳಿಸಿದರು. ಹೀಗೇ ಬಿಟ್ಟರೆ ಹೃದಯಕ್ಕೂ ಪೆಟ್ಟು ಬೀಳಬಹುದು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು.

ಮನೆಗೆ ಬಂದ ಮೇಲೂ ಐಶ್ವರ್ಯ ಉಣ್ಣಲಿಲ್ಲ. ತಟ್ಟೆಯ ಮುಂದೆ ಕೂತು ರೊಟ್ಟಿಯನ್ನು ಚೂರು ಚೂರು ಮಾಡಿ ಅಂಚಿಗೆ ಸರಿಸುತ್ತಿದ್ದಳು. "ಇನ್ನ ಹದಿನೈದ ದಿನ ಮಮ್ಮಿ. ಜಂಪರ್ ಸಡ್ಲ ಆಗಾಕತ್ತೈತಿ. ಎಥ್ನಿಕ್ ಡೇ ಮುಗೀಲಿ, ಆಮ್ಯಾಲ ಉಣ್ತೇನಿ" ಅನ್ನುತ್ತಿದ್ದಳು. ಅದು ಮುಗಿದ ಮೇಲೆ ಇನ್ನೊಂದು ದಿನ ಹುಟ್ಟಿಕೊಳ್ಳುತ್ತದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಮಗಳು ಕೈಬಿಟ್ಟು ಹೋಗುತ್ತಾಳೆ ಎಂಬ ಹೆದರಿಕೆ ಅವತ್ತಿನಿಂದ ಹೊಟ್ಟೆಯಲ್ಲಿ ಕೂತಿತು.

ಡಿಸೆಂಬರಿನಲ್ಲಿ ಹಿಡಿಯಲು ಕೊಟ್ಟ ಆ ಜಂಪರ್ ಇನ್ನೂ ಲಕ್ಕವ್ವನ ಹತ್ತಿರವೇ ಇತ್ತು. ಇನ್ನು ಹಿಡಿಯಬೇಡಿ ಎಂದು ಹೇಳಲು ಹೋದೆ. ಬಾದಾಮಿಯದು, ಬಾಗಲಕೋಟೆಯದು ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಕತ್ತರಿ ಕೆಳಗಿಟ್ಟಳು.

"ಅಕ್ಕೋರ, ಆಕಿ ಜಂಪರ್ ನಾ ಹಿಡದೇ ಇಲ್ರಿ."

"ಅಂದ್ರ?"

"ಬಿಚ್ಚೇನ್ರಿ. ಹಿಡೀರಿ ಅಂದಾಗೆಲ್ಲಾ ಬಿಚ್ಚಿ ಕೊಟ್ಟೇನ್ರಿ, ಮೂರ ಸಲ. ಮೊದಲ ಹೊಲದದ್ದೂ ಆಕಿ ಕೊಟ್ಟ ಅಳತಿಗಲ್ರಿ. ಸಡ್ಲ ಆತಂದ್ರ ಸಮಾಧಾನ ಆಗಿ ಉಣ್ತಾಳ ಅನ್ಕೊಂಡ್ನಿರಿ. ನಾ ಸುಳ್ಳ ಹೊಲದ್ನಿರಿ ಅಕ್ಕೋರ."

ಇಪ್ಪತ್ತು ವರ್ಷದಲ್ಲಿ ನಾನು ಅವಳಿಗೆ ನೀವು ಬಿಟ್ಟು ಬೇರೆ ಅಂದವಳಲ್ಲ. ಅವತ್ತು ನೀ ಅಂದೆ. "ನಿನ್ನ ಸೂಜಿ ಮುರಿಲಿ. ನನ್ನ ಮಗಳ ಮೈ ಅಳದ ನಿನಗ ಗೊತ್ತಿತ್ತಲ್ಲ, ನನಗೊಂದ ಮಾತ ಹೇಳಾಕ ಬಾಯಿ ಇರಲಿಲ್ಲೇನು?" ಎಂದು ಓಣಿಗೆ ಕೇಳುವ ಹಾಗೆ ಒದರಿ ಬಂದೆ. ಒಳಗೆ ಮಗ್ಗ ನಿಂತುಹೋಗಿತ್ತು. ದಾರಿಯಲ್ಲಿ ನಡೆಯುತ್ತ ನಡೆಯುತ್ತ ನನ್ನ ಸಿಟ್ಟು ಯಾರ ಮೇಲೆ ಅನ್ನುವುದು ನನಗೇ ಅರ್ಥವಾಗತೊಡಗಿತು. ಅವಳು ಮುಚ್ಚಿಟ್ಟಳು ನಿಜ, ಆದರೆ ಹೆತ್ತು, ದಿನಾ ಎದುರಿಗೆ ಕಂಡವಳು ನಾನು.

ಮರುದಿನ ಬೆಳಿಗ್ಗೆ ಲಕ್ಕವ್ವ ನಮ್ಮ ಮನೆಗೆ ಬಂದಳು. ಕೈಯಲ್ಲಿ ಆ ಹೊಸ ಜಂಪರ್, ಜೊತೆಗೆ ಆ ಹಳೆಯ ಅಳತಿ ಜಂಪರ್. ನನ್ನ ಕಡೆ ನೋಡದೆ ಸೀದಾ ಐಶ್ವರ್ಯಳ ಹಾಸಿಗೆಯ ಹತ್ತಿರ ಕೂತಳು. ಎರಡನ್ನೂ ಒಂದರ ಮೇಲೊಂದು ಹಾಸಿ ತೋರಿಸಿದಳು. ಹೊಸದು ಹಳೆಯದಕ್ಕಿಂತ ನಾಲ್ಕು ಬೆರಳು ಅಗಲ ಇತ್ತು.

"ನೋಡ ತಂಗಿ, ಇದು ನಿನ್ನ ಹತ್ತನೇತ್ತೆ ಅಳತಿ ಅಲ್ಲ. ನಾ ನಿನಗ ಮೋಸ ಮಾಡೇನಿ. ನಿನ್ನ ಜಂಪರ್ ತನ್ನಷ್ಟಕ್ಕ ತಾನ ಸಡ್ಲ ಆಗಿಲ್ಲ, ನಾ ಮಾಡಿದ್ದು" ಅಂದಳು.

ಐಶ್ವರ್ಯ ಎರಡೂ ಜಂಪರನ್ನು ಆಚೆ ದೂಡಿದಳು. ಆಮೇಲೆ ಅಂಥ ಕೋಪ ಬಂತು, ನಾನು ಅವಳಲ್ಲಿ ಎಂದೂ ಕಂಡಿರಲಿಲ್ಲ. "ಎಲ್ಲಾರೂ ಸುಳ್ಳ ಹೇಳ್ತೀರಿ! ಮಮ್ಮಿ ಗುಂಡಮ್ಮಾ ಅಂತಿದ್ಲು, ಈಗ ಕಡ್ಡಿ ಆಗಿ ಅಂತಾಳ. ನೀವ ಹಿಡೀತೇನಿ ಅಂದು ಬಿಚ್ಚಿದ್ರಿ. ಆಕಿ ಒಬ್ಬಾಕಿನ ಖರೆ. ದಿನಾ ಎದ್ರು ನಿಂತು ತನ್ನ ಮೈ ಇದ್ದಂಗ ತೋರಸ್ತಾಳ" ಎಂದು ಫೋನನ್ನು ಹಾಸಿಗೆಯ ಮೇಲೆ ಒಗೆದಳು.

"ಯಾರವ್ವಾ ಆಕಿ? ನನಗೂ ಒಂದೀಟ ತೋರಸು" ಅಂದಳು ಲಕ್ಕವ್ವ.

ಐಶ್ವರ್ಯ ಸಿಟ್ಟಿನಲ್ಲೇ ಆ ವಿಡಿಯೊ ಹಚ್ಚಿ ಮುಂದೆ ಹಿಡಿದಳು. ಲಕ್ಕವ್ವ ಕನ್ನಡಕ ಏರಿಸಿಕೊಂಡಳು. ಹುಡುಗಿಯ ಮುಖ ನೋಡಲಿಲ್ಲ, ಸೊಂಟವನ್ನೂ ನೋಡಲಿಲ್ಲ. ಅವಳು ನೋಡಿದ್ದು ಸೀರೆಯನ್ನು. ಒಮ್ಮೆ ನೋಡಿ, ಮತ್ತೊಮ್ಮೆ ಹಚ್ಚು ಅಂದಳು. ಮೂರನೆಯ ಸಲ ನೋಡುವಾಗ ಹುಬ್ಬು ಗಂಟಿಕ್ಕಿತು.

"ನಿಂದ್ರಸು ಅಲ್ಲಿ. ದೊಡ್ಡದ ಮಾಡು. ತಂಗಿ, ಇದು ಮಗ್ಗದಾಗ ಆಗೂದಿಲ್ಲ."

"ಏನ ಆಗೂದಿಲ್ಲ?"

"ತೊಡಿ ಮ್ಯಾಲಿನ ಚೌಕ ನೋಡು, ಎಷ್ಟ ಅಗಲ ಅದಾವು. ಸೊಂಟದ ಹಂತೇಕ ಬಂದ ಕೂಡ್ಲೆ ಅರ್ಧಾ ಆಗ್ಯಾವು. ಒಂದ ಚೌಕಕ್ಕ ಲಾಳಿ ಎಷ್ಟ ಸಲ ಓಡಬೇಕು ಅನ್ನೂದು ಎಣಿಕಿ ಐತಿ. ಸೊಂಟಕ್ಕ ಬ್ಯಾರೆ ಎಣಿಕಿ, ತೊಡಿಗೆ ಬ್ಯಾರೆ ಎಣಿಕಿ ಅಂತ ಯಾ ನೇಕಾರನೂ ನೇಯೂದಿಲ್ಲ. ಹಂಗ ನೇಯ್ದ್ರ ವ್ಯಾಪಾರಿ ಸೀರಿ ಮಾರಿ ಮ್ಯಾಲ ಒಗೀತಾನ."

"ಅದು ನೆರಿಗಿ ಇರ್ತಾವು, ಅದಕ್ಕ ಹಂಗ ಕಾಣ್ತೈತಿ" ಎಂದು ಐಶ್ವರ್ಯ ವಾದಿಸಿದಳು.

"ಎಡಗಡೆ ಸೊಂಟದ ಮ್ಯಾಲ ನೆರಿಗಿ ಎಲ್ಲಿರ್ತಾವು? ಅಲ್ಲಿ ಸೀರಿ ಚಪ್ಪಟ ಕುಂದರ್ತೈತಿ" ಅಂದ ಲಕ್ಕವ್ವ ನನ್ನ ಕಡೆ ತಿರುಗಿದಳು. "ಅಕ್ಕೋರ, ನಿಮ್ಮಲ್ಲಿ ಚೌಕಳಿ ಸೀರಿ ಇದ್ರ ಉಟಗೊಂಡ ಬರ್ರಿ."

ಜಗಳ ಆಡಿದ ಮರುದಿನವೇ ನನಗೆ ಹುಕುಂ ಮಾಡುತ್ತಾಳೆ ನೋಡಿ. ಆದರೂ ಹೋಗಿ ಕಳಕಪ್ಪನ ಮಗ್ಗದ ಚೌಕಳಿ ಸೀರೆ ಉಟ್ಟು ಬಂದು ಬಾಗಿಲ ಚೌಕಟ್ಟಿನ ಹತ್ತಿರ ನಿಂತೆ. ನನ್ನ ಸೊಂಟ ಸಣ್ಣ ವಿಷಯವಲ್ಲ. ಲಕ್ಕವ್ವ ಬೆರಳಿಟ್ಟು ತೋರಿಸಿದಳು. ನನ್ನ ಮೊಣಕಾಲ ಹತ್ತಿರದ ಚೌಕ ಎಷ್ಟಿತ್ತೋ ಸೊಂಟದ ಮೇಲಿನ ಚೌಕವೂ ಅಷ್ಟೇ ಇತ್ತು. ಐಶ್ವರ್ಯ ಫೋನು ತೆಗೆದು ನನ್ನ ಫೋಟೊ ಹೊಡೆದಳು. ಆಮೇಲೆ ಯಾರೂ ಹೇಳದೆ ತಾನೇ, ತನ್ನ ಗೆಳತಿಯರು ಬಳಸುತ್ತಿದ್ದ ಯಾವುದೋ ಆ್ಯಪಿನಲ್ಲಿ ಆ ಫೋಟೊ ಹಾಕಿ, ನನ್ನ ಸೊಂಟವನ್ನು ಬೆರಳಿನಿಂದ ಒಳಕ್ಕೆ ದೂಡಿದಳು. ನಾನು ಸಣ್ಣಗಾದೆ. ಜೊತೆಗೆ ಚೌಕಗಳೂ ಸಣ್ಣಗಾದವು. ನನ್ನ ಹಿಂದಿನ ಬಾಗಿಲ ಚೌಕಟ್ಟು ಬಿಲ್ಲಿನ ಹಾಗೆ ಬಾಗಿತು.

ಅವಳು ಮತ್ತೆ ಆ ಹುಬ್ಬಳ್ಳಿ ಹುಡುಗಿಯ ವಿಡಿಯೊ ತೆಗೆದಳು. ಹಿಂದಿದ್ದ ಕಂಬವನ್ನು ದೊಡ್ಡದು ಮಾಡಿ ನೋಡಿದಳು. ಹುಡುಗಿ ಅತ್ತಿತ್ತ ಸರಿದಾಗೆಲ್ಲ ಸೊಂಟದ ಪಕ್ಕದಲ್ಲಿ ಕಂಬವೂ ಬಳುಕುತ್ತಿತ್ತು. ಇನ್ನೊಂದು ವಿಡಿಯೊ, ಮತ್ತೊಂದು, ಐದಾರು ತೆಗೆದು ನೋಡಿದಳು. ನಾನು ಸೀರೆಯಲ್ಲಿ ನಿಂತೇ ಇದ್ದೆ.

"ಹಂಗಾರ ನಾ ಇಷ್ಟ ದಿನ ಯಾರಂಗ ಆಗಾಕತ್ತಿದ್ದೆ?" ಎಂದು ಕೇಳಿದಳು. ಕೇಳಿದವಳು ಅಳತೊಡಗಿದಳು.

ಲಕ್ಕವ್ವ ಅವಳ ಬೆನ್ನ ಮೇಲೆ ಕೈ ಇಟ್ಟಳು. "ಆ ಹುಡುಗಿಗೆ ಬೈಬ್ಯಾಡ. ಆಕಿಗೂ ಯಾರೋ ಏನೋ ಅಂದಿರಬೇಕು, ಪಾಪ. ನನಗ ಬೈ. ಆಕಿ ಫೋನಿನಾಗ ಮಾಡಿದ್ನ ನಾ ಸೂಜೀಲೆ ಮಾಡೇನಿ. ಇನ್ನ ಮ್ಯಾಲ ನಿನಗ ಇದ್ದದ್ದ ಇದ್ದಂಗ ಹೇಳ್ತೇನಿ, ಕಹಿ ಇರಲಿ, ಸಿಹಿ ಇರಲಿ."

ಕಟ್ಟುಕಥೆಯಾಗಿದ್ದರೆ ಅವಳು ಅಂದೇ ಎದ್ದು ಉಂಡಳು ಎಂದು ಬರೆದು ಮುಗಿಸಬಹುದಿತ್ತು. ಹಾಗಾಗಲಿಲ್ಲ. ಕಣ್ಣಿಗೆ ಮೋಸ ತಿಳಿದರೂ ಹೊಟ್ಟೆಗೆ ತಿಳಿಯಲು ತಿಂಗಳುಗಳು ಬೇಕಾದವು. ಎಥ್ನಿಕ್ ಡೇ ದಿನ ಅವಳು ಮನೆಯಲ್ಲೇ ಮಲಗಿದ್ದಳು. ಹದಿನೈದು ದಿನಕ್ಕೊಮ್ಮೆ ಬಾಗಲಕೋಟೆಗೆ ಹೋಗಿ ಬಂದೆವು. ಆ ಸಮಾಲೋಚಕಿ ನನಗೂ ಪಾಠ ಮಾಡಿದರು. ಮನೆಯಲ್ಲಿ ದಪ್ಪ, ಸಣ್ಣ ಎಂಬ ಮಾತೇ ಆಡಕೂಡದು, ತಟ್ಟೆ ಕಾಯುತ್ತ ಕೂರಕೂಡದು ಅಂದರು. ಬಾಯಿ ಕಟ್ಟುವುದು ನನಗೆ ಎಷ್ಟು ಕಷ್ಟ ಅನ್ನುವುದು ನನ್ನ ವಿದ್ಯಾರ್ಥಿಗಳನ್ನು ಕೇಳಿ. ಮಾರ್ಚಿನಲ್ಲಿ ಒಂದು ದಿನ ಅವಳ ಕಾಲೇಜು ಬ್ಯಾಗಿನಲ್ಲಿ ಮುದುಡಿದ ನಾಲ್ಕು ಒಣ ರೊಟ್ಟಿ ಸಿಕ್ಕವು. ಅವತ್ತು ನಾನು ಏನೂ ಅನ್ನಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಲಕ್ಕವ್ವ ಕೊಟ್ಟ ಮಾತು ಉಳಿಸಿಕೊಂಡಳು. ಸಂಜೆ ಎರಡು ತಾಸು ಐಶ್ವರ್ಯಳನ್ನು ಅಂಗಡಿಗೆ ಕಳಿಸಿರಿ ಎಂದು ಕೇಳಿದಳು. ತಾನು ಅಳೆದು ಹೇಳುತ್ತೇನೆ, ಅವಳು ನೋಟ್‌ಬುಕ್ಕಿನಲ್ಲಿ ಬರೆಯಲಿ ಎಂದಳು. ಅವಳಿಗೆ ಈಗ ಬರೆಯುವವರು ಬೇಕೇ ಬೇಕಾಗಿತ್ತು, ಏಕೆಂದರೆ ಅಳತಿ ಜಂಪರ್ ತೆಗೆದುಕೊಳ್ಳುವುದನ್ನೇ ಅವಳು ನಿಲ್ಲಿಸಿಬಿಟ್ಟಿದ್ದಳು. ಯಾರೇ ಬರಲಿ, ಮೈ ತರಬೇಕು. ಹುಡುಗಿಯರಿಗಂತೂ ಕಡ್ಡಾಯ. ಮುಂದಿನ ಓಣಿಯ ದಾನಮ್ಮ "ಹಿಂದಿಂದ ನಡದ ಬಂದದ್ದ ನೀ ಏನ ಹೊಸಾದ ತಗದಿ?" ಎಂದು ಖಣ ವಾಪಸು ಒಯ್ದಳು. ಒಯ್ಯಲಿ ಬಿಡು ಅಂದಳು ಲಕ್ಕವ್ವ.

ಆ ನೋಟ್‌ಬುಕ್ಕು ನನ್ನ ಮಗಳಿಗೆ ಕಲಿಸಿದ್ದನ್ನು ನಾನು ಹದಿನೆಂಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದರೂ ಕಲಿಸಿರಲಿಲ್ಲ. ಒಂದು ಸಂಜೆ ಮನೆಗೆ ಬಂದು ಹೇಳಿದಳು, "ಮಮ್ಮಿ, ಎರಡೂ ತೋಳು ಒಂದ ಅಳತಿ ಇರೋರು ಇವತ್ತಿನ ತನಕಾ ಒಬ್ಬರೂ ಬಂದಿಲ್ಲ." ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುವವಳ ಬಲಭುಜ ಎತ್ತರ. ಮಗು ಎತ್ತಿಕೊಂಡು ತಿರುಗುವವಳ ಎಡ ಸೊಂಟ ಹೊರಗೆ. ಕಾಲೇಜಿನಲ್ಲಿ ಅತಿ ಚೆಲುವೆ ಎಂದು ಹೆಸರಾದ ಹುಡುಗಿಯ ಬೆನ್ನು ಒಂದು ಕಡೆ ವಾಲಿತ್ತಂತೆ, ಅವಳು ಟೇಪು ನೋಡಿ ಕಣ್ಣು ಮುಚ್ಚಿಕೊಂಡಳಂತೆ. ಯಾರು ಎಂದು ಕೇಳಿದೆ. ಐಶ್ವರ್ಯ ಹೇಳಲಿಲ್ಲ. ಲಕ್ಕವ್ವನ ಶಿಷ್ಯೆ.

ಲಕ್ಕವ್ವನ ಹತ್ತಿರ ಅವಳು ಕೇಳಿದಳಂತೆ, "ಕಾಕು, ನನ್ನವು?" ಎಂದು. ಮೊದಲಾಗಿದ್ದರೆ ಲಕ್ಕವ್ವ ಏನೋ ಒಂದು ಸಮಾಧಾನ ಹೇಳುತ್ತಿದ್ದಳು. ಈಗ ಟೇಪು ಹಿಡಿದು ಅಳೆದು ಇದ್ದಂತೆ ಹೇಳಿದಳು. "ಬಲಗೈ ದಪ್ಪ, ಎಡಗೈ ಸಣ್ಣ. ಮೈ ಬಡಕಾಗೇತಿ, ಖರೆ ಹೇಳಬೇಕಂದ್ರ ಚಲೋ ಕಾಣೂದಿಲ್ಲ. ಆದ್ರ ಎಲುಬು ಗಟ್ಟಿ ಅದಾವು, ತುಂಬತಾವು." ನಾನು ಆ ಮಾತು ಹೇಳಿದ್ದರೆ ಮನೆಯಲ್ಲಿ ಮೂರು ದಿನ ಮೌನ ಇರುತ್ತಿತ್ತು. ಅವಳು ಹೇಳಿದ್ದನ್ನು ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಫೋನು ಬಿಟ್ಟಳೇ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿ ಬಿಡುತ್ತಾಳೆ! ಹುಬ್ಬಳ್ಳಿ ಹುಡುಗಿಯನ್ನು ಒಮ್ಮೆ ಅನ್‌ಫಾಲೋ ಮಾಡಿದಳು, ವಾರಕ್ಕೆ ಮತ್ತೆ ಫಾಲೋ ಮಾಡಿದಳು. ಆದರೆ ಈಗ ವಿಡಿಯೊ ಬಂದರೆ ಮೊದಲು ಹಿಂದಿನ ಗೋಡೆ, ಕಂಬ ನೋಡುತ್ತಾಳೆ. ಗೆಳತಿಯರಿಗೂ ತೋರಿಸುತ್ತಾಳೆ. ಅವರಲ್ಲಿ ಇಬ್ಬರು ಅವಳನ್ನು ಸೇರಿಸಿಕೊಳ್ಳುವುದನ್ನು ಬಿಟ್ಟಿದ್ದಾರೆ, ಮೂವರು ಹತ್ತಿರ ಬಂದಿದ್ದಾರೆ. ಏಪ್ರಿಲ್ ಹೊತ್ತಿಗೆ ಅವಳ ಮುಟ್ಟು ಮರಳಿತು. ನಾನು ಯಾರಿಗೂ ಹೇಳದೆ ಹುಗ್ಗಿ ಮಾಡಿದೆ. ಅವಳು ಒಂದು ಚಮಚ ತಿಂದಳು. ಡಾಕ್ಟರ ಎದುರು, ನನ್ನ ಎದುರು, ಔಷಧಿ ಕುಡಿಯುವ ಹಾಗೆ ತಿನ್ನುತ್ತಿದ್ದಳು. ತಿನ್ನಬೇಕಲ್ಲ ಎಂದು ತಿನ್ನುವುದು ಬೇರೆ, ಬೇಕು ಎಂದು ತಿನ್ನುವುದು ಬೇರೆ. ಆ ಎರಡನೆಯದು ಬರುವವರೆಗೆ ನನ್ನ ಹೊಟ್ಟೆಯೊಳಗಿನ ಹೆದರಿಕೆ ಇಳಿಯುವ ಹಾಗಿರಲಿಲ್ಲ.

ಜೂನ್ ಕೊನೆಯ ಶನಿವಾರ. ಶಾಲೆ ಅರ್ಧ ದಿನ. ಬಸ್ಸಿಳಿದವಳು ಮಗಳನ್ನು ಕರೆದುಕೊಂಡೇ ಮನೆಗೆ ಹೋಗೋಣ ಎಂದು ಲಕ್ಕವ್ವನ ಓಣಿಗೆ ತಿರುಗಿದೆ. ಮುಂದಿನ ಖೋಲಿಯಲ್ಲಿ ಯಾರೂ ಇರಲಿಲ್ಲ. ಮಿಶಿನ್ನಿನ ಮೇಲೆ ಅರ್ಧ ಹೊಲಿದ ತೋಳು. ಒಳಗಿನ ಖೋಲಿಯಲ್ಲಿ ಮಗ್ಗದ ಪಕ್ಕ ಚಾಪೆ ಹಾಸಿ ಗಂಡ ಹೆಂಡತಿ ಊಟಕ್ಕೆ ಕೂತಿದ್ದರು. ಬುಟ್ಟಿಯಲ್ಲಿ ರೊಟ್ಟಿ, ಬಟ್ಟಲಲ್ಲಿ ಪುಂಡಿಪಲ್ಲೆ, ಒಂದು ಕಡೆ ಶೇಂಗಾ ಚಟ್ನಿ. ಐಶ್ವರ್ಯ ಬಾಗಿಲ ಹತ್ತಿರ ನೋಟ್‌ಬುಕ್ಕು ಹಿಡಿದು ನಿಂತಿದ್ದಳು, ನನಗೆ ಬೆನ್ನು ಮಾಡಿ.

"ಕಾಕು, ನನಗೂ ಹೊಟ್ಟಿ ಹಸದೈತಿ" ಅಂದಳು.

ನಾನು ಹೊಸ್ತಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದೆ. ಒಳಗೆ ಹೋದರೆ ನಾನು ಅಳುತ್ತೇನೆ, ನಗುತ್ತೇನೆ, ಏನಾದರೂ ಒಂದು ಮಾತಾಡಿಯೇ ಆಡುತ್ತೇನೆ ಎಂದು ನನಗೆ ನನ್ನ ಬಗ್ಗೆ ಚೆನ್ನಾಗಿ ಗೊತ್ತು. ಹೊರಗಿನ ಕಟ್ಟೆಯ ಮೇಲೆ ಕೂತೆ. ಲಕ್ಕವ್ವ ಹಬ್ಬ ಮಾಡಲಿಲ್ಲ, ಬಾಯವ್ವಾ ಉಣ್ಣವ್ವಾ ಎಂದು ಗದ್ದಲವೆಬ್ಬಿಸಲಿಲ್ಲ. "ಒಂದೀಟ ಅತ್ತಾಗ ಸರೀರಿ" ಎಂದು ಕಳಕಪ್ಪನಿಗೆ ಹೇಳಿದ್ದು ಕೇಳಿಸಿತು. ತಾಟು ಇಟ್ಟ ಸದ್ದಾಯಿತು.

ಮೂವರೂ ಉಣ್ಣತೊಡಗಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯಿಂದ ನೋಡುತ್ತಿದ್ದೆ. ಒಂದು ರೊಟ್ಟಿ ಮುಗಿಯಿತು. ಐಶ್ವರ್ಯ ಬುಟ್ಟಿಯ ಕಡೆ ನೋಡಿದಳು, ಲಕ್ಕವ್ವನ ಕಡೆ ನೋಡಿದಳು.

"ಇನ್ನರ್ಧ ಹಾಕ್ರಿ" ಅಂದಳು.

ನಾನಾಗಿದ್ದರೆ ಎರಡು ಹಾಕುತ್ತಿದ್ದೆ. ಲಕ್ಕವ್ವ ರೊಟ್ಟಿ ಮುರಿದು ಸರಿಯಾಗಿ ಅರ್ಧ ಹಾಕಿದಳು, ಒಂದು ಚೂರೂ ಹೆಚ್ಚಿಲ್ಲ. ನನ್ನ ಮಗಳು ಅದನ್ನು ಪಲ್ಲೆಗೆ ಹಚ್ಚಿಕೊಂಡು ಪೂರ್ತಿ ತಿಂದಳು.